ಮಾತು ಹೋದರೂ ಮನಸ್ಸು ಇದೆ

ಸೋದರಿಯರೇ, ಲಕ್ವ ಹೊಡೆದು ಮಾತು ನಿಂತವರ ಮುಂದೆ ಜನ ಎಷ್ಟು ಸಲೀಸಾಗಿ ಮಾತಾಡಿಬಿಡುತ್ತಾರೆ, ಗಮನಿಸಿದ್ದೀರಾ? "ಪಾಪ, ಅವರಿಗೇನೂ ತಿಳಿಯಲ್ಲ ಬಿಡಿ" ಅಂತ ಎದುರಿಗೇ ಅನ್ನುತ್ತಾರೆ.

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅತ್ತೆಯವರ ಬಲಗೈ ಸ್ವಾಧೀನ ತಪ್ಪಿ, ಮಾತೂ ನಿಂತಾಗ ನೆಂಟರೊಬ್ಬರು ಬಂದರು. ಮಂಚದ ಪಕ್ಕದಲ್ಲೇ ಕೂತು, ಅತ್ತೆ ಸಾಕಿದ ಹಸುವನ್ನು ಮಾರಿಬಿಡಿ ಎಂದರು. ಅತ್ತೆಯವರ ಕಣ್ಣಲ್ಲಿ ಧಾರಾಕಾರ ನೀರು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹೇಳಲು ಮಾತ್ರ ಪದ ಸಿಗುತ್ತಿರಲಿಲ್ಲ.

ಇದು ಬುದ್ಧಿಭ್ರಮಣೆಯಲ್ಲ. "ಟಾನ್" ಎಂಬ ಒಂದೇ ಸದ್ದು ಹೊರಡುತ್ತಿದ್ದ ರೋಗಿಯ ಮಿದುಳನ್ನು ಅವನು ತೀರಿಕೊಂಡ ಮೇಲೆ ಪರೀಕ್ಷಿಸಿ, ಎಡಭಾಗದ ಮುಂಬದಿ ಕೆಟ್ಟಿರುವುದನ್ನು ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲೇ ತೋರಿಸಿದ್ದರು. ಅಲ್ಲಿ ಪೆಟ್ಟಾದರೆ ಆಡುವ ಮಾತು ಕಟ್ಟುತ್ತದೆ. ಕೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ. ಬೇರೆ ಕಡೆ ಪೆಟ್ಟಾದವರಿಗೆ ಕೇಳಿದ್ದೂ ಗೊಂದಲವಾಗುವುದುಂಟು.

ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿ, ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ನನಗ ನರ ಬಕ" ಎಂದು ಬರೆದು ತೂಗುಹಾಕಿದೆ. ಓದಿದವರು, "ಏನಮ್ಮ ಇದು, ಬಕಾಸುರನ ಕಥೆಯಾ?" ಅಂತ ನಗೋರು. ಆಗ ರಟ್ಟು ತಿರುಗಿಸುತ್ತಿದ್ದೆ. ಹಿಂದುಗಡೆ "ನನಗೆ ನೀರು ಬೇಕು" ಎಂದಿತ್ತು. ಕೊಂಬು, ಏತ್ವ, ಗುಡಿಸು, ದೀರ್ಘ ಕಳಚಿದ್ದೆ, ಅಷ್ಟೆ! ಮನಸ್ಸಿನೊಳಗೆ ನೀರು ಎಂದೇ ಇದೆ, ಹೊರಗೆ ಬರುವಾಗ ಹೀಗೆ ಒಡೆದುಹೋಗುತ್ತದೆ ಎಂದಾಗ ನಗು ನಿಲ್ಲುತ್ತಿತ್ತು. ಕೆಳಗೆ, "ನಿಧಾನವಾಗಿ ಕೇಳಿ. ಹೌದು, ಇಲ್ಲ ಎನ್ನುವಂತೆ ಕೇಳಿ. ಕಾಯಿರಿ" ಎಂದೂ ಬರೆದೆ. ಇನ್ನೊಂದು ರಟ್ಟು ಚಾಮರಾಜನಗರದ ನಾದಿನಿಯ ಮನೆಗೂ ಹೋಯಿತು.

ಅತ್ತೆಯವರಿಗಾಗಿ ಚಿತ್ರದ ಹಾಳೆಯನ್ನೂ ಮಾಡಿದೆ. ನೀವೂ ಮಾಡಬಹುದು. ಒಂದು ಹಾಳೆಗೆ ಆರೇ ಚಿತ್ರ ಸಾಕು, ದೊಡ್ಡದಾಗಿರಲಿ. ಕಪ್ಪು-ಸಾಸರಿನ ಚಿತ್ರ ಬೇಡ. ಅವರು ದಿನಾ ಕುಡಿಯುವ ಸ್ಟೀಲ್ ಲೋಟದ್ದೇ ಫೋಟೋ ಅಂಟಿಸಿ. ಬಲಗೈ ಆಡದಿದ್ದರೆ ಎಡಗೈಗೆ ಎಟುಕುವಂತೆ ಇಡಿ. ನಮ್ಮ ಹಾಳೆಯಲ್ಲಿ ನೀರು, ಊಟ, ಬಚ್ಚಲು, ನೋವು, ಹೊದಿಕೆ, ಹಸು. ದಿನಾ ಬೆಳಿಗ್ಗೆ ಬೆರಳು ಮೊದಲು ಹೋಗುತ್ತಿದ್ದುದು ಹಸುವಿನ ಮೇಲೆ!

ಇದು ಚಿಕಿತ್ಸೆಗೆ ಬದಲಲ್ಲ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಗಡುವು. ಆಮೇಲೆ ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇಂಥವರನ್ನು ನೋಡಲು ಹೋದಾಗ "ಹೇಗಿದ್ದೀರಿ?" ಎಂದು ಮನೆಯವರನ್ನಲ್ಲ, ಅವರನ್ನೇ ಕೇಳಿ. ಉತ್ತರ ತಡವಾದರೂ ಕೂತಿರಿ.