ಆಸಾಮಿ ಊರಲ್ಲಿಲ್ಲ

ಹನ್ನೊಂದಕ್ಕೆ ಇನ್ನೈದು ನಿಮಿಷ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನ ಕೊನೇ ಬೆಂಚಿನಲ್ಲಿ ಕೂತಿದ್ದೀರಿ. ಬೆಂಚಿನ ಒಂದು ಕಾಲು ಗಿಡ್ಡ, ಪಕ್ಕದವರು ಎದ್ದಾಗಲೆಲ್ಲ ನೀವು ಒಂದಿಷ್ಟು ವಾಲುತ್ತೀರಿ. ಬೆಂಚ್ ಕ್ಲರ್ಕು ಕಡತಗಳನ್ನು ವಾಯಿದೆಯ ಕ್ರಮದಲ್ಲಿ ಜೋಡಿಸುತ್ತಿದ್ದಾರೆ. ಕೋರ್ಟ್ ಪಿಸಿಗಳು ಕೈಯಲ್ಲಿ ವಾರಂಟಿನ ಕಟ್ಟು ಹಿಡಿದು ಬಾಗಿಲ ಬಳಿ ನಿಂತಿದ್ದಾರೆ. ವಕೀಲರೊಬ್ಬರು ಬಾಗಿಲಲ್ಲೇ ಕೋಟು ಏರಿಸಿಕೊಳ್ಳುತ್ತ ಕಕ್ಷಿದಾರನನ್ನು ಕೇಳುತ್ತಿದ್ದಾರೆ: "ಬ್ಯಾಗಲ್ಲಿ ಒಂದು ಜೊತೆ ಬಟ್ಟೆ ಇಟ್ಕೊಂಡಿದ್ದೀಯಾ?"

ಕೇಳಿಸಿಕೊಂಡವನ ಮುಖ ನೋಡಿ. ಇಪ್ಪತ್ತೊಂಬತ್ತು ವರ್ಷ. ಇಸ್ತ್ರಿ ಮಾಡಿದ ಅಂಗಿ, ಒಳಗೆ ಸಿಕ್ಕಿಸಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಮದುವೆಯಾಗಿದೆ, ಒಂದು ಹೆಣ್ಣುಮಗು. ಬಟ್ಟೆ ಯಾಕೆ ಎಂದು ಅವನು ಕೇಳುವುದಿಲ್ಲ. ಅವನ ಮೇಲೆ ಜಾಮೀನುರಹಿತ ವಾರಂಟ್ ಇದೆ. ಇವತ್ತು ತಾನಾಗಿಯೇ ಬಂದು ಹಾಜರಾಗುತ್ತಿದ್ದಾನೆ. ಕೋರ್ಟು ವಾರಂಟನ್ನು ರೀಕಾಲ್ ಮಾಡಿದರೆ, ಅಂದರೆ ಹಿಂಪಡೆದರೆ, ಸಂಜೆ ಮನೆಗೆ, ಆಗದಿದ್ದರೆ ಜೈಲಿಗೆ. ಯಾವುದೆಂದು ಹೇಳಲು ವಕೀಲರಿಗೂ ಆಗುವುದಿಲ್ಲ.

ಅವನ ಪಕ್ಕದಲ್ಲಿ ಸೋದರಮಾವ. ಬಿಳಿ ಪಂಚೆ, ಹೆಗಲಿಗೆ ಟವೆಲು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಅಲ್ಲಿ ನೀವು ಕೂತಿದ್ದೀರಿ.

ಸಾಹೇಬರು ಬಂದರು. ಎಲ್ಲರೂ ಎದ್ದು ಕೂರುತ್ತಾರೆ. ಕಾಲ್ ವರ್ಕ್ ಶುರು. ಅಟೆಂಡರು ಬಾಗಿಲಾಚೆ ತಲೆ ಹಾಕಿ ಒಂದೊಂದು ಹೆಸರನ್ನೂ ಮೂರು ಮೂರು ಸಲ ಕೂಗುತ್ತಾನೆ. ಮೂರನೇ ಕೂಗಿಗೂ ಉತ್ತರ ಬರದಿದ್ದರೆ ಸಾಹೇಬರು ತಲೆ ಎತ್ತದೆ "ಎನ್‌ಬಿಡಬ್ಲ್ಯೂ" ಎನ್ನುತ್ತಾರೆ, ಅಂದರೆ ಜಾಮೀನುರಹಿತ ವಾರಂಟ್; ಕ್ಲರ್ಕು ಬರೆದುಕೊಳ್ಳುತ್ತಾರೆ. ಮೂರು ಕೂಗು, ಒಂದು ಮಾತು, ಒಂದು ಸಾಲು. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಸ್ಟಿಯರಿಂಗ್ ಹಿಡಿದಿರುವ, ಗಾರೆ ಕಲಸುತ್ತಿರುವ ಒಬ್ಬ ತನಗೇ ಗೊತ್ತಿಲ್ಲದೆ ತಲೆಮರೆಸಿಕೊಂಡವನಾಗುತ್ತಾನೆ. 2018ರಲ್ಲಿ ಒಂದು ದಿನ ಇದೇ ಬಾಗಿಲಲ್ಲಿ ಇವನ ಹೆಸರೂ ಹಾಗೆ ಮೂರು ಸಲ ಕೇಳಿತ್ತು.

ಇವನ ಸರದಿ ಬರಲು ಇನ್ನೂ ಹೊತ್ತಿದೆ. ಕೇಸೇನೆಂದು ಮಾವನೇ ನಿಮಗೆ ಹೇಳಲು ತೊಡಗುತ್ತಾರೆ. ಕೋರ್ಟಿನ ಬೆಂಚಿನಲ್ಲಿ ಪರಿಚಯ ಹೀಗೇ ಆಗುವುದು, ಊರು ಯಾವುದು ಎಂದು ಕೇಳುವ ಮೊದಲೇ ಕೇಸು ಯಾವುದು ಎಂಬ ಪ್ರಶ್ನೆ ಬಂದಿರುತ್ತದೆ.

2016ರ ಸೆಪ್ಟೆಂಬರ್. ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಿ ಎಂದು ಸುಪ್ರೀಂ ಕೋರ್ಟು 5ನೇ ತಾರೀಕು ಹೇಳಿತು. ಕೆಆರ್‌ಎಸ್‌ನಲ್ಲಿ ಸಾಕಷ್ಟು ನೀರಿರಲಿಲ್ಲ, ಗದ್ದೆಯಲ್ಲಿ ನಾಟಿ ಒಣಗುತ್ತಿತ್ತು. ಮಂಡ್ಯ ಜಿಲ್ಲೆ ರಸ್ತೆಗಿಳಿಯಿತು. 12ನೇ ತಾರೀಕು ಕೋರ್ಟು ಅದನ್ನು 12,000 ಕ್ಯುಸೆಕ್‌ಗೆ ಇಳಿಸಿ 20ರವರೆಗೂ ಬಿಡಿ ಎಂದಿತು. ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸು ಲಾರಿಗಳು ಹೊತ್ತಿ ಉರಿದದ್ದು ಆ ದಿನವೇ. ಇಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಇವನು ಗುಂಪಿನ ಜೊತೆ ನಿಂತಿದ್ದ. ಡಿಗ್ರಿ ಎರಡನೇ ವರ್ಷ. ಒಂದು ಲಾರಿಯ ಮುಂಗಾಜು ಒಡೆಯಿತು.

"ಇವ್ನೇ ಹೊಡುದ್ನೋ ಪಕ್ಕದೋನು ಹೊಡುದ್ನೋ ದೇವ್ರಿಗೇ ಗೊತ್ತು" ಎನ್ನುತ್ತಾರೆ ಮಾವ. ಅವನು ಮಾತಾಡುವುದಿಲ್ಲ. ಹೊಡೆದವನು ಅವನೇ ಇರಬೇಕು ಎಂದು ನಿಮಗನಿಸುತ್ತದೆ. ಅನ್ನಿಸಲಿ, ಆ ಕಲ್ಲು ಇವತ್ತಿನ ಮುಖ್ಯ ವಿಷಯ ಅಲ್ಲ.

ಗುಂಪುಗೂಡಿದ್ದು, ದೊಂಬಿ, ದಾರಿ ತಡೆದದ್ದು, ಆಸ್ತಿ ನಷ್ಟ, ಜೊತೆಗೆ 1981ರ ಕರ್ನಾಟಕ ಆಸ್ತಿ ಹಾನಿ ತಡೆ ಕಾಯ್ದೆ. ಎಫ್‌ಐಆರ್‌ನಲ್ಲಿ ಊರಿನ ಒಂದಷ್ಟು ಹುಡುಗರ ಹೆಸರು. ಅವರಲ್ಲೊಬ್ಬನಿಗೆ ಆಗ ಹದಿನೇಳು. ಅವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಯಿತು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಅಂಥ ಹುಡುಗನಿಗೆ ಆ ಪ್ರಕರಣದಿಂದ ಮುಂದೆ ಯಾವ ಅನರ್ಹತೆಯೂ ಬರಕೂಡದು. ಘೋರ ಅಪರಾಧವಲ್ಲದಿದ್ದರೆ, ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆಯೂ ನಾಶವಾಗಬೇಕು. ಇವನಿಗೆ ಆಗ ಇಪ್ಪತ್ತು. ಹದಿನೆಂಟು ದಾಟಿದವರ ಕಡತ ನಾಶ ಮಾಡಿ ಎಂದು ಹೇಳುವ ಅಂಥ ಕಲಮು ಇಲ್ಲ.

ಜಾಮೀನಿಗೆ ಮಾವ ಪಹಣಿ ಕೊಟ್ಟರು. ಮೊದಮೊದಲು ವಾಯಿದೆಗಳಿಗೆಲ್ಲ ಇವನು ಬಂದ. ಪ್ರತಿಸಲವೂ ಸಾಹೇಬರು ರಜೆ, ಇಲ್ಲವೇ ಸಾಕ್ಷಿ ಬಂದಿಲ್ಲ, ಇಲ್ಲವೇ ವಕೀಲರು ಬೇರೆ ಕೋರ್ಟಿನಲ್ಲಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಒಂದು ವಾಯಿದೆಗೆ ಬಂದರೆ ಒಂದು ದಿನದ ದುಡಿಮೆ ಹೋಯಿತು, ಬಸ್ ಚಾರ್ಜು ಬೇರೆ. ಒಂದು ಸಲ ತಪ್ಪಿಸಿದ, ವಕೀಲರು ಗೈರುಹಾಜರಿಗೆ ಅರ್ಜಿ ಹಾಕಿ ಉಳಿಸಿದರು. ಇನ್ನೊಂದು ಸಲ ತಪ್ಪಿಸಿದ. ಆಮೇಲೆ ವಕೀಲರ ಫೀಸು ಬಾಕಿ ಉಳಿದಿತ್ತು, ಫೋನ್ ಮಾಡಲು ನಾಚಿಕೆ. ಆಮೇಲೆ ಸಿಮ್ ಬದಲಾಯಿಸಿದ.

ಪೊಲೀಸರು ಯಾಕೆ ಹುಡುಕಲಿಲ್ಲ ಎಂದು ನೀವು ಕೇಳಬಹುದು. ಬಾಗಿಲಲ್ಲಿ ನಿಂತ ಪಿಸಿಯ ಕೈಯ ಕಟ್ಟು ನೋಡಿ. ಅಷ್ಟೂ ವಾರಂಟುಗಳೇ. ಊರಿಗೆ ಹೋಗಿ ವಿಚಾರಿಸಿ, "ಆಸಾಮಿ ಊರಲ್ಲಿಲ್ಲ" ಎಂದು ಹಿಂಬದಿಯಲ್ಲಿ ಬರೆದು ಕೋರ್ಟಿಗೆ ಒಪ್ಪಿಸುತ್ತಾರೆ. ಬರೆದದ್ದು ಸುಳ್ಳೂ ಅಲ್ಲ. ಹಾಗೆ ಕೆಲವು ಸಲ ವಾಪಸಾದ ಮೇಲೆ ಇವನನ್ನು ಉಳಿದವರಿಂದ ಬೇರ್ಪಡಿಸಿ ಹೊಸ ನಂಬರು ಕೊಟ್ಟರು. ಕೋರ್ಟಿನ ಮಾತಿನಲ್ಲಿ ಸ್ಪ್ಲಿಟ್ ಕೇಸು. ಸ್ಪ್ಲಿಟ್ ಆದದ್ದು ಲಾಂಗ್ ಪೆಂಡಿಂಗ್ ರಿಜಿಸ್ಟರಿಗೆ ಹೋಗಿ ಮಲಗಿತು.

ಉಳಿದ ಹುಡುಗರ ವಿಚಾರಣೆ ನಡೆಯಿತು. ಲಾರಿ ಡ್ರೈವರು ಸೇಲಂ ಕಡೆಯವನು, ಸಾಕ್ಷಿ ಹೇಳಲು ಬರಲೇ ಇಲ್ಲ. ಮಹಜರಿಗೆ ಸಹಿ ಹಾಕಿದವರು ಠಾಣೆಯಲ್ಲಿ ಸಹಿ ಹಾಕಿದೆವು, ಒಳಗೇನಿತ್ತೋ ಗೊತ್ತಿಲ್ಲ ಎಂದರು. ಎಲ್ಲರಿಗೂ ಬಿಡುಗಡೆ ಆಯಿತು. ಸುಮ್ಮನೆ ಬಂದು ಕಟಕಟೆಯಲ್ಲಿ ನಿಂತವರೆಲ್ಲ ಮನೆಗೆ ಹೋದರು. ನಿಲ್ಲದವನ ಕೇಸು ಮಾತ್ರ ಜೀವಂತ.

ಈ ಕೋರ್ಟಿನಲ್ಲಿ ಅರ್ಧ ದಿನ ಕೂತರೆ ಇದು ಅಪರೂಪದ ಕಥೆಯಲ್ಲ ಎಂದು ಗೊತ್ತಾಗುತ್ತದೆ. ಜನರನ್ನು ವರ್ಷಗಟ್ಟಲೆ ಅಟ್ಟಿಸಿಕೊಂಡು ಬರುವುದು ಬಹಳ ಸಲ ಅಪರಾಧವೂ ಅಲ್ಲ, ಶಿಕ್ಷೆಯೂ ಅಲ್ಲ, ಮುಗಿಸದೆ ಬಿಟ್ಟ ಕಾಗದ.

ಹಾಗೆಂದು ಅವಸರದಲ್ಲಿ ಮುಗಿಸುವುದೂ ಬೇರೊಂದು ಗುಂಡಿ. ಈಗ ಕರೆದ ಕೇಸು ನೋಡಿ. ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವರು, ಪೊಲೀಸ್ ಕಾಯ್ದೆಯ 87ನೇ ಕಲಮು. ಸಾಲಾಗಿ ನಿಂತು "ತಪ್ಪಾಯ್ತು ಸ್ವಾಮಿ" ಎನ್ನುತ್ತಾರೆ. ದಂಡ ಕಟ್ಟಿ ರಸೀದಿ ಮಡಚಿ ಜೇಬಿಗಿಟ್ಟು ನಗುತ್ತ ಹೊರಗೆ ಹೋಗುತ್ತಾರೆ, ತಲೆನೋವು ಕಳೆಯಿತೆಂದು. ಆ ರಸೀದಿಯ ಅರ್ಥ ಅಪರಾಧ ಸಾಬೀತಾಯಿತು ಎಂದು. ನಾಳೆ ಯಾವುದೋ ಅರ್ಜಿಯಲ್ಲಿ ನಿಮಗೆ ಶಿಕ್ಷೆಯಾಗಿದೆಯೇ ಎಂದು ಕೇಳಿದಾಗ ಅವರಲ್ಲಿ ಎಷ್ಟು ಜನಕ್ಕೆ ಈ ದಿನ ನೆನಪಾಗುತ್ತದೆ? ಅದೇ ತಪ್ಪೊಪ್ಪಿಗೆಯ ಜೊತೆ 1958ರ ಪ್ರೊಬೇಷನ್ ಕಾಯ್ದೆಯ ಅನುಕೂಲ ಕೇಳಬಹುದಿತ್ತು. ಅದರಡಿ ಬಿಟ್ಟರೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಎಂದು 12ನೇ ಕಲಮೇ ಹೇಳುತ್ತದೆ. ಕೇಳಿದವರಿಲ್ಲ, ಹೇಳಿದವರೂ ಇಲ್ಲ.

ನಿಮ್ಮ ಮುಂದಿನ ಬೆಂಚಿನ ನರೆತ ತಲೆಯ ಮನುಷ್ಯ ತಿರುಗಿ ನಗುತ್ತಾನೆ. "ನಂದು ರೌಡಿ ಶೀಟು ಕಣಣ್ಣ. ವಯಸ್ಸಲ್ಲಿ ಎರಡು ಹೊಡೆದಾಟ. ಈಗ ಮೊಮ್ಮಕ್ಕಳಿದ್ದಾವೆ. ಎಲೆಕ್ಷನ್ ಬಂದ್ರೆ ಕರೀತಾರೆ, ಗಣೇಶನ ಹಬ್ಬ ಬಂದ್ರೆ ಕರೀತಾರೆ. ತಹಸೀಲ್ದಾರ್ ಮುಂದೆ ಮುಚ್ಚಳಿಕೆ ಬರ್ಕೊಡ್ಬೇಕು." ರೌಡಿ ಪಟ್ಟಿಗೆ ಮನಬಂದಂತೆ ಹೆಸರು ಸೇರಿಸಕೂಡದು, ಆ ವ್ಯಕ್ತಿಯ ಮಾತನ್ನೂ ಕೇಳಬೇಕು ಎಂದು ಹೈಕೋರ್ಟು 2022ರಲ್ಲಿ ಹೇಳಿದೆ. ಅದನ್ನು ಹೇಳಿದಿರಿ ಎಂದುಕೊಳ್ಳಿ. "ಹಂಗಾ?" ಎಂದು ಅವನು ಮತ್ತೆ ಮುಂದೆ ತಿರುಗುತ್ತಾನೆ.

ನಿಮ್ಮ ಪಕ್ಕದಲ್ಲಿ ಕೂತವನ ಕೇಸು ಮೇಲೆದ್ದದ್ದು ಪಾಸ್‌ಪೋರ್ಟಿನಿಂದ. ದುಬೈನಲ್ಲಿ ಡ್ರೈವರ್ ಕೆಲಸ ಇತ್ತು. ಸೈಬರ್ ಸೆಂಟರಿನ ಹುಡುಗ ಅರ್ಜಿ ತುಂಬುತ್ತ, "ಕೇಸ್ ಗೀಸ್ ಏನಾದ್ರೂ ಇದ್ಯಾ ಅಣ್ಣ?" ಎಂದು ಸ್ಕ್ರೀನ್ ಮೇಲಿಂದ ಕಣ್ಣು ತೆಗೆಯದೆ ಕೇಳಿದ. ಇವನು ಇಲ್ಲ ಎಂದ. ಹುಡುಗರೆಲ್ಲ ಬಿಡುಗಡೆಯಾದ ಸುದ್ದಿ ಕಿವಿಗೆ ಬಿದ್ದಿತ್ತು, ತನ್ನದೂ ಹೋಗಿರಬೇಕು ಎಂದು ನಂಬಿಕೊಂಡಿದ್ದ. ವೆರಿಫಿಕೇಷನ್‌ಗೆ ಊರಿನ ಠಾಣೆಗೆ ಕಾಗದ ಬಂತು. ಅಲ್ಲಿ ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ವಾರಂಟು. ಠಾಣೆಯ ರೈಟರ್ ಪರಿಚಯದವರು. "ಹಿಡ್ಕೊಂಡ್ ಹೋಗೋದು ನಮ್ ಕೆಲ್ಸ. ಅದಕ್ಕಿಂತ ಮುಂಚೆ ನೀನೇ ಹೋಗಿ ರೀಕಾಲ್ ಮಾಡುಸ್ಕೊ" ಎಂದರು.

ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲ ಎಂದೇನಿಲ್ಲ. ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮು ತಡೆಯುತ್ತದೆ, ನಿಜ. ಆದರೆ ವಿಚಾರಣೆ ನಡೆಸುವ ಕೋರ್ಟು ಅನುಮತಿ ಕೊಟ್ಟರೆ ನಿಗದಿತ ಅವಧಿಗೆ ಕೊಡಬಹುದೆಂದು 1993ರ ಆಗಸ್ಟ್ 25ರ ಅಧಿಸೂಚನೆ ಇದೆ. ನಿಜ ಹೇಳಿ ಅನುಮತಿ ಕೇಳಿದ್ದರೆ ದಾರಿಯಿತ್ತು. ಮಾಹಿತಿ ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆಯಹೊರಟರೆ ಅದೇ ಬೇರೆ ಅಪರಾಧ, ಎರಡು ವರ್ಷದವರೆಗೆ ಸಜೆ. ಸರ್ಕಾರಿ ಕೆಲಸದ ಅರ್ಜಿಯಲ್ಲೂ ಇದೇ ಲೆಕ್ಕ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯಗಳನ್ನು ಉದ್ಯೋಗದಾತರು ಮನ್ನಿಸಬಹುದು ಎಂದಿತು. ಆದರೆ ಬಾಕಿಯಿರುವ ಕೇಸುಗಳನ್ನು ಬೇಕೆಂದೇ ಮುಚ್ಚಿಡುವುದನ್ನು ಹಗುರವಾಗಿ ನೋಡಲಿಲ್ಲ. ಆ ತೀರ್ಪು ಬಂದದ್ದು 2016ರ ಜುಲೈನಲ್ಲಿ, ಇವನು ಹೆದ್ದಾರಿಗೆ ಇಳಿಯುವುದಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ಕೂಗಿದರು. ಮೊದಲ ಕೂಗಿಗೇ ಅವನು ಎದ್ದುಬಿಟ್ಟ, ಬೆಂಚು ವಾಲಿತು.

ಕಟಕಟೆಯ ಮರ ಕೈ ತಾಗಿ ತಾಗಿ ನುಣುಪಾಗಿದೆ. ಅವನು ಕೈ ಹಿಂದೆ ಕಟ್ಟಿದ, ಬಿಟ್ಟ, ಮುಂದೆ ಕಟ್ಟಿದ. ವಕೀಲರು ರೀಕಾಲ್ ಅರ್ಜಿ ಕೊಟ್ಟರು. ಸರ್ಕಾರದ ಪರ ವಾದಿಸುವ ಎಪಿಪಿ ಎದ್ದು, ಇಷ್ಟು ವರ್ಷ ತಲೆಮರೆಸಿಕೊಂಡವನು ಮತ್ತೆ ಹೋಗುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ ಎಂದರು.

"ಎಲ್ಲಿದ್ದೆ?" ಸಾಹೇಬರು ಮೊದಲ ಸಲ ತಲೆ ಎತ್ತಿದರು.

"ಬೆಂಗಳೂರಲ್ಲಿ ಸ್ವಾಮಿ. ಡ್ರೈವಿಂಗು."

"ಬೆಂಗಳೂರಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ?"

"ಎರಡು ಗಂಟೆ ಸ್ವಾಮಿ."

"ಎರಡು ಗಂಟೆ ದಾರಿ ಬರೋಕೆ ಏಳು ವರ್ಷ ಬೇಕಾಯ್ತಾ?"

ಯಾರೋ ನಕ್ಕರು. ಮಾವ ನಗಲಿಲ್ಲ. ಸಾಹೇಬರು ಕಡತದ ಹಿಂದಿನ ಹಾಳೆಗಳನ್ನು ತಿರುವುತ್ತಿದ್ದಾರೆ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಕ್ಲರ್ಕು ಅಂಚಿನಲ್ಲಿ ಬೆರಳಿಟ್ಟಿದ್ದಾರೆ. ಬಾಗಿಲ ಬಳಿಯ ಪಿಸಿ ಒಂದು ಹೆಜ್ಜೆ ಒಳಗೆ ಬಂದು ನಿಂತ. ಅವನು ಬಂದ ಕಾರಣ ನಿಮಗೂ ಗೊತ್ತು, ಕಟಕಟೆಯಲ್ಲಿ ಇದ್ದವನಿಗೂ ಗೊತ್ತು.

"ಅರ್ಜಿ ಮಂಜೂರು. ವೆಚ್ಚ ಕಾನೂನು ಸೇವಾ ಸಮಿತಿಗೆ ಕಟ್ಟಲಿ. ಹೊಸ ಬಾಂಡು, ಒಬ್ಬ ಜಾಮೀನುದಾರ."

ಪಿಸಿ ಹಿಂದೆ ಸರಿದ. ಕಟಕಟೆಯಿಂದ ಇಳಿದವನು ಹೊರಗೆ ವರಾಂಡದಲ್ಲಿ ಗೋಡೆಗೆ ಒರಗಿ ಉಸಿರು ಬಿಡುತ್ತಿದ್ದಾನೆ. ವಕೀಲರು ಮಾವನ ಕಡೆ ನೋಡಿದರು. "ಗೌಡ್ರೇ, ಪಹಣಿ ತಂದಿದ್ದೀರಲ್ಲ?"

ಮಾವ ಕವರಿಗೆ ಕೈ ಹಾಕಲಿಲ್ಲ. ಅದರಲ್ಲಿ ಏನಿದೆಯೆಂದು ಈಗ ನೋಡುತ್ತೀರಿ: ಹಳೆಯ ನೋಟೀಸುಗಳು. ಅಳಿಯ ಬರದೆ ಹೋದಾಗ ಬಾಂಡು ಮುಟ್ಟುಗೋಲಾಗಿ ಜಾಮೀನುದಾರನಿಗೆ ಬಂದವು. ಹಣ ಯಾಕೆ ವಸೂಲು ಮಾಡಬಾರದು ಎಂದು ಕೇಳಿದ್ದವು. ಇದೇ ಕೋರ್ಟಿಗೆ ಬಂದು, ಇದೇ ಬೆಂಚಿನಲ್ಲಿ ಕೂತು, ಕೊನೆಗೆ ಕಬ್ಬಿನ ಬಿಲ್ಲಿನಿಂದ ಅವರು ಕಟ್ಟಿದ್ದರು. ಅಕ್ಕನಿಗೆ ಹೇಳಿರಲಿಲ್ಲ.

"ಮಾವ, ಈ ಸಲ ತಪ್ಪಿಸಲ್ಲ."

"ನೀನು ಫೋನ್ ನಂಬರು ಬದ್ಲಾಯಿಸ್ಬುಟ್ಟೆ ಕಣ್ಲಾ. ನಾನು ಪಹಣಿ ನಂಬರು ಬದ್ಲಾಯ್ಸಕ್ಕಾಯ್ತದಾ?" ಮಾವ ವಕೀಲರ ಕಡೆ ತಿರುಗಿದರು. "ಕ್ಯಾಶ್ ಕಟ್ಟುಸ್ಕಳಿ ಸಾ. ಅವ್ನೇ ಕಟ್ಲಿ."

ವಕೀಲರು ವಾದಿಸಲಿಲ್ಲ. ಜಾಮೀನುದಾರನ ಬದಲು ನಗದು ಠೇವಣಿಗೆ ಅವಕಾಶವಿದೆ, ಅದಕ್ಕೊಂದು ಅರ್ಜಿ ಟೈಪ್ ಮಾಡಿಸಲು ಹೊರಟರು. ಹೋಗುತ್ತ ಮುಂದಿನ ದಾರಿ ಹೇಳಿದರು: ಉಳಿದವರ ಬಿಡುಗಡೆಯ ತೀರ್ಪಿನ ಪ್ರತಿ ತೆಗೆಸಿ, ಇವನದ್ದನ್ನೂ ರದ್ದು ಮಾಡಿ ಎಂದು ಹೈಕೋರ್ಟಿಗೆ ಹೋಗುವುದು. ಎಲ್ಲರ ಮೇಲೂ ಇದ್ದದ್ದು ಒಂದೇ ಸಾಕ್ಷ್ಯವಾದರೆ ಹೈಕೋರ್ಟು ಹಾಗೆ ರದ್ದು ಮಾಡುವುದುಂಟು. ಅಥವಾ ಇಲ್ಲೇ ವಿಚಾರಣೆ ಮುಗಿಸುವುದು. ದುಬೈ ಆಮೇಲೆ.

ನಕಲು ವಿಭಾಗದ ಕಿಟಕಿ. ಊಟದ ಹೊತ್ತಿಗೆ ಮುಚ್ಚಲು ಇನ್ನು ಹತ್ತು ನಿಮಿಷ.

"ಕೇಸ್ ನಂಬರು?"

ಅವನು ಫೋನ್ ತೆಗೆದು ಇಕೋರ್ಟ್ಸ್ ಆ್ಯಪಿನಲ್ಲಿ ತನ್ನ ಹೆಸರು ಹುಡುಕತೊಡಗಿದ. ಆರೋಪಿಯ ಹೆಸರು ಹೊಡೆದರೆ ಯಾರಿಗೆ ಬೇಕಾದರೂ ಸಿಗುತ್ತದೆ, ಹೆಣ್ಣು ಕೊಡುವವರಿಗೂ ಕೆಲಸ ಕೊಡುವವರಿಗೂ. ನೆಟ್‌ವರ್ಕ್ ಸುತ್ತುತ್ತಲೇ ಇದೆ. ಮಾವ ಅವನ ಹೆಗಲ ಮೇಲಿಂದ ಕಿಟಕಿಗೆ ಬಾಗಿ ನಂಬರನ್ನೂ ವರ್ಷವನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

"ಇದು ಹಳೇದಾ, ಸ್ಪ್ಲಿಟ್ ಆದದ್ದಾ?"

"ಹಳೇದು. ಬಿಡುಗಡೆ ಆದೋರದ್ದು."

ಗುಮಾಸ್ತರು ಚೀಟಿ ಬರೆದುಕೊಟ್ಟರು. "ರೆಕಾರ್ಡ್ ರೂಮಿಂದ ಬರ್ಬೇಕು. ಬುಧವಾರ ಬನ್ನಿ. ಆಧಾರ್ ತನ್ನಿ."