ಬರೆದ ಮಾತು



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತು ಬರೆಯಬೇಕೆಂಬುದು ರೂಢಿ. ಶಾಲೆಯ ಏಳಿಗೆ, ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ ಇವುಗಳ ವಿಚಾರವು ವಾರ್ಷಿಕ ವರದಿಯಲ್ಲಿ ಬಂದೇ ಇದೆ. ಆದಕಾರಣ ಇಲ್ಲಿ ಬೇರೊಂದು ವಿಷಯವನ್ನು ನಿವೇದಿಸಿಕೊಳ್ಳಲು ಬಯಸುತ್ತೇವೆ. ಬರೆದ ಮಾತು ನಿಜವಾಗುವುದು ಹೇಗೆ ಎಂಬುದೇ ಆ ವಿಷಯ. ಕವಿಯ ವಾಕ್ಕು ಫಲಿಸುತ್ತದೆಯೆಂದು ಹಿರಿಯರು ಹೇಳುವುದನ್ನು ತಾವೆಲ್ಲರೂ ಕೇಳಿರುವಿರಿ. ನಾವು ಕವಿಗಳಲ್ಲ. ಆದರೂ ನಾವು ಬರೆದ ಒಂದು ವಾಕ್ಯವು ಅಕ್ಷರಶಃ ಫಲಿಸಿತು. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಕಳೆದ ಜೂನ್ ತಿಂಗಳಲ್ಲಿ, ಮಕ್ಕಳನ್ನು ಸೇರಿಸಿಕೊಳ್ಳುವ ದಿವಸಗಳಲ್ಲಿ, ಹೊಸನಗರದ ಕಡೆಯ ಒಬ್ಬ ತಾಯಿಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಕೊಠಡಿಗೆ ಬಂದಳು. ಮಳೆಯಲ್ಲಿ ನೆನೆದಿದ್ದ ಕೊಡೆಯನ್ನು ಬಾಗಿಲಾಚೆ ಇರಿಸಿ, ಒಳಕ್ಕೆ ಬಂದು, "ಟೀಚರ್, ನನ್ನ ಗುರುತು ಸಿಕ್ಕಿತೆ?" ಎಂದು ಕೇಳಿದಳು. ಸಿಕ್ಕಲಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಂದು ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅಲ್ಲಿ ಒಂಬತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದೆನೆಂದು ಅವಳೇ ಹೇಳಿದ ಮೇಲೆ ಮುಖವು ನೆನಪಿಗೆ ಬಂದಿತು. "ನೀವು ಬರೆದ ಹಾಗೆಯೇ ಆಯಿತು ಟೀಚರ್," ಎಂದು ಅವಳು ನಕ್ಕಳು. ಆ ನಗುವಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ನಾವು ಬರೆದದ್ದು ಇಷ್ಟೇ: "ಗಣಿತದಲ್ಲಿ ಬುದ್ಧಿ ಸಾಲದು. ಮುಂದಿನ ಓದಿಗೆ ತಕ್ಕವಳಲ್ಲ." ಒಂದೇ ಸಂಜೆಯಲ್ಲಿ ತರಗತಿಯ ಎಲ್ಲ ಪ್ರಗತಿ ಪತ್ರಗಳನ್ನೂ ತುಂಬಿ ಮುಗಿಸಬೇಕಾಗಿತ್ತು. ವಿದ್ಯುತ್ತು ಹೋಗಿತ್ತು, ಮೇಣದ ಬತ್ತಿಯ ಬೆಳಕಿನಲ್ಲಿ ಅವಸರದಿಂದ ಬರೆದೆವು. ಅವಳ ತಂದೆ ಸಹಿ ಮಾಡಿ ಕಳುಹಿಸಿದರು. ಬೇಸಿಗೆಯ ರಜೆ ಕಳೆದ ಮೇಲೆ ಹುಡುಗಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಎದುರು "ಶಾಲೆ ಬಿಟ್ಟಳು" ಎಂದು ಬರೆದೆವು; ಅದೂ ನಮ್ಮ ಕೈಯ ಬರಹವೇ. ಕೆಲವು ವರ್ಷಗಳ ತರುವಾಯ ಅವಳಿಗೆ ಮದುವೆಯಾಯಿತಂತೆ.

ಆ ತಾಯಿಯ ಇಂದಿನ ದಿನಚರಿಯನ್ನು ವಿಚಾರಿಸಿದೆವು. ಮನೆಯ ಅಡಕೆಯ ಲೆಕ್ಕವೆಲ್ಲ ಅವಳದೇ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಮಂಡಿಯಲ್ಲಿ ಮುರಿದುಕೊಂಡದ್ದೆಷ್ಟು, ಕೊನೆಗಾರನಿಗೆ ಸಲ್ಲಬೇಕಾದದ್ದೆಷ್ಟು ಎಂಬುದನ್ನು ಗಂಡ ಅವಳನ್ನೇ ಕೇಳುತ್ತಾನೆ. ಊರಿನ ಹೆಂಗಸರ ಉಳಿತಾಯ ಸಂಘದ ಸಾಲ, ಬಡ್ಡಿ, ಕಂತುಗಳ ಪುಸ್ತಕವೂ ಅವಳ ಕೈಯಲ್ಲಿಯೇ ಇದೆ. ಹೀಗಿರಲು ನಮ್ಮ ವಾಕ್ಯವು ಸುಳ್ಳಾಗಿತ್ತೆಂಬುದು ಸ್ಪಷ್ಟ. ಸುಳ್ಳಾಗಿದ್ದ ವಾಕ್ಯವು ನಿಜವಾದುದು ಹೇಗೆ? ಇದನ್ನು ಅವಳನ್ನೇ ಕೇಳಿದೆವು. "ಕಾಗದದಲ್ಲಿ ಬರೆದು ಬಂದದ್ದು ತಪ್ಪುವುದಿಲ್ಲ ಅಂತ ಅಪ್ಪಯ್ಯ ಹೇಳಿದರು," ಎಂದಳು.

ಅವಳ ಅಪ್ಪಯ್ಯ ಹಾಗೆ ಹೇಳಿದುದಕ್ಕೆ ಕಾರಣವಿತ್ತು. ಅವರು ಹುಟ್ಟಿದ್ದು ಶರಾವತಿಯ ದಡದಲ್ಲಿ. ಅವರು ಬಾಲಕರಾಗಿದ್ದಾಗ ಮನೆಗೆ ಒಂದು ನೋಟೀಸು ಬಂದಿತು. ಇಂಥ ತೋಟ, ಇಂಥ ಗದ್ದೆ, ಇಂಥ ಮನೆ ಮುಳುಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಹೊಳೆ ಅಷ್ಟು ದೂರ ಬರುವುದುಂಟೇ ಎಂದು ಅಜ್ಜ ನಕ್ಕಿದ್ದರಂತೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಅದರ ನೀರಿನ ಪೂರ್ಣ ಮಟ್ಟ ೧೮೧೯ ಅಡಿ. ಆ ಅಂಕಿಯನ್ನು ಮೊದಲು ನಕ್ಷೆಯಲ್ಲಿ ಬರೆದರು. ನದಿಯು ಆಮೇಲೆ ಬಂದು ಆ ಗೆರೆಯವರೆಗೆ ನಿಂತಿತು. ಸಾಗರ, ಹೊಸನಗರಗಳ ಎಷ್ಟೋ ಊರುಗಳು ನೀರೊಳಗಾದವು. ೧೯೪೮ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಲ್ಲಿ ಅಡಗಿತೆಂದ ಮೇಲೆ ತೋಟ ಮನೆಗಳ ಪಾಡನ್ನು ಹೇಳಬೇಕೆ? ನಾಡಿಗೆ ಬೆಳಕು ದೊರೆಯಿತು, ನಿಜ. ಆದರೆ ಅಜ್ಜನ ಅಂಗಳಕ್ಕೆ ನೀರು ಬಂದುದನ್ನು ಕಣ್ಣಾರೆ ಕಂಡ ಬಾಲಕನು, ಮುಂದೆ ತಂದೆಯಾದಾಗ, ಮಗಳ ಪ್ರಗತಿ ಪತ್ರವನ್ನೂ ಅದೇ ಬಗೆಯ ನೋಟೀಸೆಂದು ಓದಿದನು.

ಆ ಮುಳುಗಡೆಯನ್ನು ಕಂಡು ಬರೆದವರು ಸಾಗರದವರೇ ಆದ ನಾ. ಡಿಸೋಜರು. ೧೯೩೭ರಲ್ಲಿ ಜನಿಸಿ, ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ, "ಮುಳುಗಡೆ", "ದ್ವೀಪ" ಮೊದಲಾದ ಕಾದಂಬರಿಗಳನ್ನು ರಚಿಸಿದ ಅವರು ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಅವರ ಬರಹವು ನೀರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಆದರೆ ಅಂಕಿಯ ಕೆಳಗೆ ಮನುಷ್ಯರಿದ್ದರೆಂಬುದನ್ನು ನಾಡು ಮರೆಯದಂತೆ ಮಾಡಿತು. ಹಿನ್ನೀರಿನಾಚೆಯ ಜನರೂ ಸುಮ್ಮನಿರಲಿಲ್ಲ. ದಶಕಗಳ ಕಾಲ ಲಾಂಚಿನಲ್ಲಿ ದಾಟುತ್ತ, ಸೇತುವೆಗಾಗಿ ಮನವಿಗಳನ್ನು ಕೊಡುತ್ತ ಬಂದರು. ೨೦೨೫ರಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆಯಿತು. ಕೆಡಿಸುವ ಬರಹವು ಬೇಗ ನಿಜವಾಗುತ್ತದೆ. ಕೂಡಿಸುವ ಬರಹಕ್ಕೆ ಬಹಳ ಕಾಲ ಹಿಡಿಯುತ್ತದೆ.

ಕೂಡಿಸುವ ಬರಹಕ್ಕೆ ನಮ್ಮ ಸೀಮೆಯಲ್ಲಿಯೇ ಉತ್ತಮವಾದ ದೃಷ್ಟಾಂತವಿದೆ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆ ಹೋಗಿದ್ದೆವು. ಓಲಗವಿಲ್ಲ, ಮುಹೂರ್ತದ ಅವಸರವಿಲ್ಲ, ವರದಕ್ಷಿಣೆಯ ಮಾತಿಲ್ಲ. ಹಿರಿಯರೊಬ್ಬರು ಒಂದು ಸಣ್ಣ ಪುಸ್ತಿಕೆಯಿಂದ ಓದಿದರು. ವಧೂವರರು ಕೇಳಿ, ಒಪ್ಪಿ, ಪ್ರತಿಜ್ಞೆಯನ್ನು ಹೇಳಿ, ಮಾಲೆ ಬದಲಿಸಿಕೊಂಡರು. ಅದು ಕುವೆಂಪುರವರ ಮಂತ್ರ ಮಾಂಗಲ್ಯ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಆ ಕವಿಯು ಸರಳವಾದ ಮದುವೆಯೊಂದನ್ನು ಕಾಗದದಲ್ಲಿ ರಚಿಸಿದರು. ರಚಿಸಿದ ಮಾತ್ರಕ್ಕೆ ಯಾರ ಮದುವೆಯೂ ಆಗುವುದಿಲ್ಲ. ೧೯೬೬ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ರಾಜೇಶ್ವರಿಯವರನ್ನು ಆ ಕ್ರಮದಲ್ಲಿಯೇ ವಿವಾಹವಾದರು. ಅಲ್ಲಿಂದೀಚೆಗೆ, ನೆಂಟರ ಮುನಿಸನ್ನು ಸಹಿಸಿಕೊಂಡು ಒಬ್ಬೊಬ್ಬ ಮಗಳೂ ಒಬ್ಬೊಬ್ಬ ಮಗನೂ "ಆಗಲಿ" ಎಂದುದರಿಂದ ಅದು ನಿಜವಾಗುತ್ತ ಬಂದಿದೆ. ಹಾಗೆಯೇ, ಕರ್ನಾಟಕವೆಂಬ ಹೆಸರಿನ ರಾಜ್ಯವು ಇಲ್ಲದಿದ್ದಾಗಲೇ ಅವರು ಕರ್ನಾಟಕ ಮಾತೆಗೆ ಜಯವೆಂದು ಹಾಡಿದರು. ನಾಡು ಒಂದಾದುದು ೧೯೫೬ರಲ್ಲಿ, ಆ ಹೆಸರು ಬಂದುದು ೧೯೭೩ರಲ್ಲಿ, ಹಾಡು ನಾಡಗೀತೆಯಾದುದು ೨೦೦೪ರಲ್ಲಿ. ನಡುವೆ ಎಷ್ಟು ಜನರು ದುಡಿದರೆಂಬುದನ್ನು ಚರಿತ್ರೆಯ ಪಾಠದಲ್ಲಿ ತಾವು ಓದಿರುವಿರಿ.

ಕವಿಯ ಬಾಳಿನಲ್ಲಿಯೂ ಬೇರೊಬ್ಬರ ಒಂದು ಮಾತು ಕೆಲಸ ಮಾಡಿತ್ತು. ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರೆಂದು ಸಲಹೆ ಕೊಟ್ಟರು. ಅವರು ಹುಡುಗನ ಬರಹದಲ್ಲಿ ಕೊರತೆಯನ್ನು ಕಾಣಲಿಲ್ಲವೆಂದಲ್ಲ; ಕಂಡು, ಬಾಗಿಲನ್ನು ಮುಚ್ಚದೆ ಇನ್ನೊಂದು ಬಾಗಿಲನ್ನು ತೋರಿಸಿದರು. ನಮ್ಮ ಮೇಣದ ಬತ್ತಿಯ ರಾತ್ರಿಯಲ್ಲಿ ಆ ಒಂದು ಮಾತು ನಮಗೆ ಹೊಳೆಯಲಿಲ್ಲ.

ಬರಹಕ್ಕೆ ತನ್ನದೇ ಆದ ಶಕ್ತಿಯೇನೂ ಇಲ್ಲ. ಅದನ್ನು ನಂಬಿ ನಡೆಯುವವರು ಅದಕ್ಕೆ ಶಕ್ತಿಯನ್ನು ಕೊಡುತ್ತಾರೆ. ಆದಕಾರಣ ನಂಬುವವರು ಬಡವರೂ ಸಾಧುಗಳೂ ಆಗಿದ್ದಷ್ಟು ಬರೆಯುವವರ ಹೊಣೆ ಹೆಚ್ಚು. ಈಗ ನಮ್ಮ ಶಾಲೆಯ ಪ್ರಗತಿ ಪತ್ರದಲ್ಲಿ ಮಗುವಿನ ಮುಂದಿನ ಕಾಲವನ್ನು ಕುರಿತು ಯಾವ ಉಪಾಧ್ಯಾಯಿನಿಯೂ ಬರೆಯಕೂಡದೆಂದು ಗೊತ್ತುಮಾಡಿದ್ದೇವೆ. ಕಂಡದ್ದನ್ನು ಬರೆಯಬಹುದು: ಭಿನ್ನರಾಶಿಯಲ್ಲಿ ತಡವರಿಸುತ್ತಾಳೆ, ಇಂಥ ಅಭ್ಯಾಸವನ್ನು ಮತ್ತೆ ಮಾಡಿಸಿರಿ, ಎಂದು. ಕಾಣದ್ದನ್ನು ಬರೆಯುವ ಅಧಿಕಾರ ನಮಗಿಲ್ಲ.

ಆ ತಾಯಿಯ ಮಗಳು ಈಗ ನಮ್ಮಲ್ಲಿ ಓದುತ್ತಿದ್ದಾಳೆ. ಅಕ್ಟೋಬರಿನಲ್ಲಿ ಅವಳ ಅರ್ಧವಾರ್ಷಿಕ ಪ್ರಗತಿ ಪತ್ರವು ಮನೆಗೆ ಹೋಗಿ, ತಾಯಿಯ ಸಹಿಯೊಡನೆ ಹಿಂದಿರುಗಿತು. ಸಹಿಯ ಮೇಲ್ಗಡೆ, ಒಂಬತ್ತನೆಯ ತರಗತಿಯ ಅದೇ ದುಂಡು ಅಕ್ಷರದಲ್ಲಿ, ಒಂದು ಸಾಲು ಬರೆದಿತ್ತು: "ಕೂಡಿದ್ದರಲ್ಲಿ ತಪ್ಪಿದೆ. ಒಟ್ಟು ೪೩೮ ಅಲ್ಲ, ೪೪೮ ಆಗಬೇಕು. ದಯಮಾಡಿ ನೋಡಿರಿ."

ಕೂಡಿ ನೋಡಿದೆವು. ಅವಳ ಲೆಕ್ಕವೇ ಸರಿ. ತಪ್ಪಿದ ಮೊತ್ತವನ್ನು ಹೊಡೆದುಹಾಕಿ, ಸರಿಯಾದುದನ್ನು ಬರೆದು, ಪಕ್ಕದಲ್ಲಿ ನಮ್ಮ ಸಹಿಯನ್ನು ಹಾಕಿದೆವು. ಇಪ್ಪತ್ತು ವರ್ಷಗಳ ಹಿಂದಿನ ವಾಕ್ಯವನ್ನು ಹೀಗೆ ಹೊಡೆದುಹಾಕಲು ಬಾರದು. ಆ ಪತ್ರ ಎಲ್ಲಿದೆಯೋ ಅವಳಿಗೂ ತಿಳಿಯದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಕೈಯಿಂದಾಗಲಿ, ಮತ್ತಾವ ಉಪಾಧ್ಯಾಯಿನಿಯ ಕೈಯಿಂದಾಗಲಿ ಅಂಥ ವಾಕ್ಯವನ್ನು ಪಡೆದು ಅದನ್ನು ಇಂದಿಗೂ ಹೊತ್ತುಕೊಂಡಿರುವವರು ನಿಮ್ಮಲ್ಲಿ ಇರಬಹುದು. ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವಾಗ ಅದನ್ನೂ ತೆಗೆದುಕೊಂಡು ಬನ್ನಿರಿ. ಕೆಂಪು ಶಾಯಿಯ ಲೇಖನಿ ನಮ್ಮ ಮೇಜಿನ ಮೇಲೆಯೇ ಇರುತ್ತದೆ.