ಸಂಜೆಯ ಮುಖಾಲಂಕಾರವೂ ಕುಂಚಗಳ ಶುಚಿಯೂ

ಈ ಸ್ಮರಣ ಸಂಚಿಕೆಗೆ ನಮ್ಮಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಪ್ರತಿ ಸಾರಿಯಂತೆ ಸ್ತ್ರೀವಿದ್ಯೆಯ ವಿಷಯವನ್ನಾಗಲಿ ಶಿಸ್ತಿನ ವಿಷಯವನ್ನಾಗಲಿ ಬರೆದುಕೊಡುವೆವೆಂದು ಅವರು ನೆನೆಸಿದ್ದಿರಬಹುದು. ಆದರೆ ಈ ಸಾರಿ ನಾವು ಬರೆಯಲುದ್ಯುಕ್ತರಾಗಿರುವುದು ಸಂಜೆಯ ಸಮಾರಂಭಗಳಲ್ಲಿ ಮುಖಕ್ಕೆ ಹಚ್ಚುವ ಬಣ್ಣದ ವಿಷಯವನ್ನೂ, ಅದನ್ನು ಹಚ್ಚುವ ಕುಂಚಗಳ ವಿಷಯವನ್ನೂ. ಇದನ್ನೋದಿ ನಮ್ಮ ಹಳೆಯ ವಿದ್ಯಾರ್ಥಿನಿಯರು ನಗುವರೆಂಬುದನ್ನು ಬಲ್ಲೆವು. ಯಾಕಂದರೆ ಬೆಳಗಿನ ಪ್ರಾರ್ಥನೆಯ ವೇಳೆಗೆ ಬಾಗಿಲಲ್ಲಿ ನಿಂತು, ಯಾರ ತುಟಿಗೆ ಬಣ್ಣವಿದೆ, ಯಾರ ಕಣ್ಣಿಗೆ ಕಾಡಿಗೆ ಹೆಚ್ಚಾಗಿದೆ ಎಂದು ನೋಡುತ್ತಿದ್ದವರು ನಾವೇ ಅಲ್ಲವೆ? ಅವರು ನಗಲಿ. ನಗುವುದಕ್ಕೆ ಅವರಿಗೆ ಅಧಿಕಾರವುಂಟು.

ಅವರಲ್ಲಿ ಒಬ್ಬಳಿಗಂತೂ ಆ ಅಧಿಕಾರವು ಉಳಿದವರಿಗಿಂತ ಹೆಚ್ಚಾಗಿದೆ. ನಾವು ತರಬೇತಿಯನ್ನು ಮುಗಿಸಿಕೊಂಡು ಈ ಶಾಲೆಗೆ ಬಂದ ಹೊಸತರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಣ್ಣಿಗೆ ದಟ್ಟವಾಗಿ ಕಾಡಿಗೆ ತೀಡಿಕೊಂಡು, ತುಟಿಗೂ ಬಣ್ಣ ಹಚ್ಚಿಕೊಂಡು ಬಂದಳು. ಅವಳ ಅಕ್ಕನ ಮದುವೆಯು ಹಿಂದಿನ ದಿನವಷ್ಟೇ ಆಗಿತ್ತೆಂಬುದನ್ನು ನಾವು ವಿಚಾರಿಸಲಿಲ್ಲ. ತರಗತಿಯ ಹುಡುಗಿಯರೆಲ್ಲರೂ ನೋಡುತ್ತಿರುವಂತೆ ಅಂಗಳದ ನಲ್ಲಿಯ ಬಳಿಗೆ ಅವಳನ್ನು ಕರೆದೊಯ್ದು ಮುಖ ತೊಳೆಯಹೇಳಿದೆವು. ಸಾಲದೆಂದು ಎರಡನೆಯ ಸಾರಿ, ಮೂರನೆಯ ಸಾರಿಯೂ ತೊಳೆಯಿಸಿದೆವು. ಅವಳು ಅಳಲಿಲ್ಲ. ಅತ್ತಿದ್ದರೆ ನಾವು ಬೇಗನೆ ಮರೆತುಬಿಡುತ್ತಿದ್ದೆವೋ ಏನೋ.

ಹೀಗಿರಲಾಗಿ, ಅದೇ ಹುಡುಗಿ ಈಗ ನಮ್ಮ ಗಿಣಿಗೇರಾದಲ್ಲಿಯೇ ಒಂದು ಬ್ಯೂಟಿ ಪಾರ್ಲರನ್ನು ನಡೆಯಿಸುತ್ತಿರುವಳು. ಮುಂಭಾಗ ಒಂದೇ ಕೋಣೆ, ಹಿಂದೆ ಮನೆ. ಕೊಪ್ಪಳ ಹೊಸಪೇಟೆಗಳ ನಡುವಣ ಈ ಊರು, ಗಂಗಾವತಿಯ ಕಡೆಗೆ ರೈಲುಮಾರ್ಗವು ಕವಲೊಡೆಯುವ ಜಂಕ್ಷನ್ನಾಗಿಯೂ, ಉಕ್ಕು ಕಬ್ಬಿಣಗಳ ಕಾರ್ಖಾನೆಗಳ ನೆರೆಯಾಗಿಯೂ ಬೆಳೆದಿರುವುದನ್ನು ವಾಚಕರು ಬಲ್ಲರು. ಬೆಳಿಗ್ಗೆ ಒರೆಸಿದ ಕಿಟಕಿಯ ಹಲಗೆಯ ಮೇಲೆ ಸಂಜೆಗೆ ಬೆರಳಿಟ್ಟರೆ ಬೆರಳು ಕಪ್ಪಾಗುವುದು. ಇಂಥ ಊರಿನಲ್ಲಿ ಕುಂಚಗಳನ್ನು ಚೊಕ್ಕಟವಾಗಿಟ್ಟುಕೊಳ್ಳುವುದೇ ಅರ್ಧ ವಿದ್ಯೆಯೆಂದು ಅವಳು ಹೇಳುವಳು. ಇನ್ನರ್ಧವು ಯಾವುದೆಂಬುದನ್ನು ಮುಂದೆ ಹೇಳುವೆವು.

ಮೂರು ವರ್ಷಗಳ ಹಿಂದೆ ನಮ್ಮ ವಾರ್ಷಿಕೋತ್ಸವದ ನಾಟಕಕ್ಕೆ ಬಣ್ಣ ಹಚ್ಚಲು ಬೇರೊಂದು ಊರಿನಿಂದ ಒಬ್ಬರನ್ನು ಕೂಲಿ ಗೊತ್ತುಮಾಡಿ ಕರೆಯಿಸಿದ್ದೆವು. ಇಪ್ಪತ್ತಾರು ಹುಡುಗಿಯರಿದ್ದರು, ಹೊತ್ತು ಇದ್ದದ್ದು ಎರಡು ತಾಸು. ಅವರು ಒಂದೇ ಡಬ್ಬಿಯ ಬಿಳಿಯ ಬಣ್ಣವನ್ನು, ಒಂದೇ ಸ್ಪಂಜಿನಿಂದ, ಸಾಲಾಗಿ ಕುಳಿತ ಮಕ್ಕಳ ಮುಖಗಳಿಗೆ ಗೋಡೆಗೆ ಸುಣ್ಣ ಬಳಿದಂತೆ ಬಳಿಯುತ್ತ ಹೋದರು. ಕಾಡಿಗೆಯ ಕಡ್ಡಿಯೂ ಒಂದೇ. ರಾಣಿಯ ವೇಷದ ಹುಡುಗಿ ಕಪ್ಪು ಬಣ್ಣದವಳು, ನಮ್ಮ ಎರೆಹೊಲದ ಮಣ್ಣಿನಂಥ ಚೆಲುವಾದ ಕಪ್ಪು. ಅವಳಿಗೆ ಎರಡು ಪಟ್ಟು ಬಳಿದರು. ನಾವು ಅಲ್ಲಿಯೇ ನಿಂತಿದ್ದೆವು, ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ರಾಣಿಯಲ್ಲವೆ, ಇರಲಿ ಎಂದುಕೊಂಡೆವು.

ಪರದೆ ಎದ್ದಿತು. ದೀಪದ ಬೆಳಕಿನಲ್ಲಿ ಆ ಮಗುವಿನ ಮುಖವು ಬೂದಿ ಬಡಿದಂತೆ ತೋರಿತು. ಕುತ್ತಿಗೆ ಕೈಗಳು ತಮ್ಮ ಬಣ್ಣದಲ್ಲಿಯೇ ಇದ್ದವು. ಹಿಂದಿನ ಸಾಲುಗಳಲ್ಲಿ ನಗೆಯೆದ್ದಿತು. ಆದರೆ ನಮ್ಮನ್ನು ಇಂದಿಗೂ ಚುಚ್ಚುವುದು ಆ ನಗೆಯಲ್ಲ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಆಕೆಯ ತಾಯಿ ನಮ್ಮ ಕಡೆಗೆ ಬಾಗಿ, "ನಮ್ಮ ಹುಡುಗಿ ಯಾವಾಗ ಬರ್ತಾಳ್ರೀ ಅಕ್ಕೋರ?" ಎಂದು ಕೇಳಿದಳು. ಹುಡುಗಿಯು ಆಗಲೇ ಸಿಂಹಾಸನದ ಮೇಲೆ ಕುಳಿತಿದ್ದಳು.

ಮೂರು ದಿನಗಳೊಳಗಾಗಿ ಒಂಬತ್ತು ಮಕ್ಕಳಿಗೆ ಕಣ್ಣು ಬಂದವು. ಒಬ್ಬಳ ಗಲ್ಲದ ಮೇಲೆ ಗುಳ್ಳೆಗಳೆದ್ದು ತಿಂಗಳ ತನಕ ಮಾಯಲಿಲ್ಲ. ಬಣ್ಣವು ಕೆಟ್ಟದ್ದೆಂದು ಪಾಲಕರು ಬೈದರು. ವೈದ್ಯರು ಮಾತ್ರ, ಬಣ್ಣಕ್ಕಿಂತ ಒಬ್ಬರ ಕಣ್ಣಿನಿಂದ ಇನ್ನೊಬ್ಬರ ಕಣ್ಣಿಗೆ ಹೋದ ಕಡ್ಡಿಯ ಮೇಲೆಯೇ ತಮ್ಮ ಸಂಶಯವೆಂದರು.

ಬಣ್ಣವು ನಮ್ಮ ಸೀಮೆಗೆ ಹೊಸತಲ್ಲ. ಬಯಲಾಟದವರು ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಹಳದಿಯ ಅರದಾಳವು ಆರ್ಸೆನಿಕ್ ಎಂಬ ವಿಷವುಳ್ಳದ್ದು. ಕೆಂಪಿನ ಇಂಗಳೀಕದಲ್ಲಿ ಪಾದರಸವಿದೆ. ಬಿಳಿಯ ಸಫೇದವು ಸತುವಿನಿಂದಾದದ್ದು. ರಾತ್ರಿಯೆಲ್ಲ ಪಂಜಿನ ಬೆಳಕಿನಲ್ಲಿ ದೂರ ಕುಳಿತವನಿಗೂ ಕಾಣಬೇಕೆಂದು ಅವರು ಹಾಗೆ ದಟ್ಟವಾಗಿ ಬರೆಯುತ್ತಿದ್ದರು. ಅದು ರಾಕ್ಷಸನ ಮುಖ, ದೇವತೆಯ ಮುಖ, ಮನುಷ್ಯಳ ಮುಖವಲ್ಲ. ಸಿನಿಮಾದವರಿಗಾಗಿ 1930ರ ದಶಕದ ಕೊನೆಯಲ್ಲಿ ಅಮೆರಿಕೆಯ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆಯು ಪ್ಯಾನ್‌ಕೇಕನ್ನು ತಂದಿತು. ನಮ್ಮ ದೇಶದಲ್ಲಿ ಟಾಟಾದವರು 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿದರು. ಇವುಗಳಿಂದ ಬಣ್ಣವು ಆಟದ ಚೌಕಿಯಿಂದ ಮನೆಯ ಕನ್ನಡಿಯ ಮುಂದಕ್ಕೆ ಬಂದಿತು. 1975ರಲ್ಲಿ ಪೇಟೆಗೆ ಬಂದ ಬಿಳುಪಿನ ಕ್ರೀಮೊಂದು 'ಫೇರ್' ಎಂಬ ಮಾತನ್ನು ತನ್ನ ಹೆಸರಿನಿಂದ ತೆಗೆದುಹಾಕಲು 2020ರ ವರೆಗೆ ಕಾಯಬೇಕಾಯಿತು. ಹೆಸರು ಹೋದರೂ ಆಸೆಯು ಹೋಗಿಲ್ಲವೆಂಬುದಕ್ಕೆ ನಮ್ಮ ಪಾಲಕರ ಸಭೆಗಳೇ ಸಾಕ್ಷಿ.

ಕಳೆದ ವರ್ಷ ಎಸ್ತೇರ್ ರಾಣಿಯ ನಾಟಕವನ್ನು ಆಡಿಸಬೇಕೆಂದು ನಿಶ್ಚಯವಾಯಿತು. ಅರಸನ ಮುಂದೆ ಹೋಗುವ ಮೊದಲು ಆ ಕನ್ಯೆಯರಿಗೆ ಆರು ತಿಂಗಳು ರಕ್ತಬೋಳದ ಎಣ್ಣೆಯಿಂದಲೂ ಆರು ತಿಂಗಳು ಸುಗಂಧದ್ರವ್ಯಗಳಿಂದಲೂ ಆರೈಕೆ ನಡೆಯಿತೆಂದು ಸತ್ಯವೇದದಲ್ಲಿದೆ. ನಮಗಾದರೋ ಒಂದೇ ಸಂಜೆ. ನಾಚಿಕೆಯನ್ನು ನುಂಗಿಕೊಂಡು ನಮ್ಮ ಹಳೆಯ ವಿದ್ಯಾರ್ಥಿನಿಯ ಬಾಗಿಲಿಗೆ ಹೋದೆವು. ಅವಳು ನಲ್ಲಿಯ ಮಾತನ್ನು ಎತ್ತಲಿಲ್ಲ, ಚಹಾ ಕೊಟ್ಟಳು. "ಮೂರು ಗಂಟೆಕ್ಕ ಬರ್ತೀನ್ರಿ. ಮಕ್ಕಳಿಗೆ ಮಾರಿ ತೊಳಕೊಂಡು ಕುಂದ್ರಾಕ ಹೇಳ್ರಿ. ಕಾಡಿಗಿ ಅವರವರ ಮನಿದs ಅವರವರು ತರಬೇಕು," ಎಂದಷ್ಟೇ ಹೇಳಿದಳು.

ಎಸ್ತೇರಳ ಪಾತ್ರವು ಆ ಕಪ್ಪು ಹುಡುಗಿಗೇ ಬಂದಿತ್ತು. ಅವಳು ಒಲ್ಲೆನೆಂದಿದ್ದಳು, ಎರಡು ವರ್ಷಗಳ ಹಿಂದಿನ ನಗೆಯನ್ನು ಅವಳು ಮರೆತಿರಲಿಲ್ಲ. ಅವಳನ್ನು ಹೇಗೆ ಸಿಂಗರಿಸಿದಳೆಂಬುದನ್ನು ನಾವು ಪಕ್ಕದಲ್ಲಿ ನಿಂತು, ಪಾಠ ಕೇಳುವ ವಿದ್ಯಾರ್ಥಿನಿಯಂತೆಯೇ ನೋಡಿದೆವು.

ಮೊದಲು ಅವಳನ್ನು ರಂಗದ ಮೇಲೆ ನಿಲ್ಲಿಸಿ ದೀಪಗಳನ್ನು ಹಾಕಿಸಿದಳು. ಹಳದಿ ಬೆಳಕಿನಡಿಯಲ್ಲಿ ನೀಲಿಯು ಮಂಕಾಗುವುದು, ಕೆಂಪು ಕಿತ್ತಳೆಗಳು ಮುಂದೆ ಬರುವವು, ಬಿಳಿಯ ಎಲ್.ಇ.ಡಿ. ದೀಪದಡಿಯಲ್ಲಿ ತೆಳುವಾದ ಬಣ್ಣವೆಲ್ಲ ಬಿಳಿಚಿಕೊಳ್ಳುವುದು. ಆದಕಾರಣ ಸಂಜೆಯ ಅಲಂಕಾರವನ್ನು ಹಗಲಿನ ಕಿಟಕಿಯ ಬಳಿ ತೀರ್ಮಾನಿಸಬಾರದು. ಬಳಿಕ ಮುಖಕ್ಕೆ ತೇವವನ್ನುಳಿಸುವ ಕ್ರೀಮನ್ನು ಹಚ್ಚಿ ಕೆಲವು ನಿಮಿಷ ಬಿಟ್ಟಳು. ಫೌಂಡೇಶನ್ನಿನ ಬಣ್ಣವನ್ನು ಮುಂಗೈಯ ಮೇಲೆ ನೋಡದೆ ದವಡೆಯ ಅಂಚಿನಲ್ಲಿ ನೋಡಿದಳು: ಅಲ್ಲಿ ಹಚ್ಚಿದ್ದು ಕುತ್ತಿಗೆಯೊಡನೆ ಬೆರೆತು ಕಾಣದೆಹೋದರೆ ಅದೇ ಸರಿಯಾದ ಬಣ್ಣ. ಒಂದು ಸಾಲದೆ ಎರಡನ್ನು ಬೆರಸಿಕೊಂಡಳು. ಕಪ್ಪು ಚರ್ಮಕ್ಕೆ ತಿಳಿಯಾದ ಬಣ್ಣವನ್ನು ಹಚ್ಚಿದರೆ ಅದು ಬೆಳ್ಳಗಾಗುವುದಿಲ್ಲ, ಬೂದಿಯಾಗುವುದು. ಅಂದು ನಾವು ಕಂಡದ್ದು ಅದನ್ನೇ. ಒದ್ದೆ ಸ್ಪಂಜಿನಿಂದ ತೆಳುವಾಗಿ ತಟ್ಟಿ, ಕಿವಿಗಳಿಗೂ ಕುತ್ತಿಗೆಗೂ ಇಳಿಸಿ, ಪೌಡರನ್ನು ಹಣೆ ಮೂಗುಗಳ ಮೇಲೆ ಮಾತ್ರ ಇಟ್ಟಳು. ಪೌಡರು ಹೆಚ್ಚಾದರೆ ಛಾಯಾಚಿತ್ರದ ಫ್ಲ್ಯಾಶ್ ಬೆಳಕಿಗೆ ಬಿಳಿಯ ಮಚ್ಚೆಗಳಾಗಿ ತೋರುವುದಂತೆ. ನಮ್ಮ ಹಳೆಯ ಚಿತ್ರಸಂಪುಟಗಳನ್ನು ತೆಗೆದು ನೋಡಿದರೆ ಇದು ಸತ್ಯವೆಂದು ಕಾಣುವುದು.

ಕಣ್ಣಿಗೆ ಹೆಚ್ಚು ಹೊತ್ತು ಹಿಡಿಯಿತು. ರೆಪ್ಪೆಯ ಮಡಿಕೆಯಲ್ಲಿ ಇಟ್ಟಿಗೆಯ ಬಣ್ಣ, ಹೊರಗಿನ ಮೂಲೆಯಲ್ಲಿ ದಟ್ಟವಾದ ಕಂದು, ರೆಪ್ಪೆಯ ನಡುವೆ ತಾಮ್ರದ ಹೊಳಪು. ಪ್ರತಿಯೊಂದನ್ನು ಇಟ್ಟ ಮೇಲೂ ಬಣ್ಣವಿಲ್ಲದ ಒಂದು ಚೊಕ್ಕ ಕುಂಚದಿಂದ ಅಂಚುಗಳನ್ನು ಮೆಲ್ಲಗೆ ಅಳಿಸಿ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಯದಂತೆ ಮಾಡಿದಳು. ಕಣ್ಣು ಇಷ್ಟಾದ ಮೇಲೆ ತುಟಿಗೆ ಬರಿಯ ಮರೂನ್ ಬಣ್ಣ ಸಾಕೆಂದಳು. ಎರಡೂ ಕೂಗಿದರೆ ಮುಖ ಕೇಳಿಸುವುದಿಲ್ಲವಂತೆ.

ಈ ನಡುವೆ ಹುಡುಗಿಯೇ ಕೇಳಿದಳು, ಸ್ವಲ್ಪ ಬೆಳ್ಳಗೆ ಮಾಡಲಾಗದೆ ಎಂದು. ಕುಂಚವನ್ನು ಹಿಡಿದವಳು ನಮ್ಮ ಕಡೆಗೆ ನೋಡಿದಳು. ಆ ನೋಟದ ಅರ್ಥವು ನಮಗೆ ತಿಳಿಯಿತು; ಮೂರು ವರ್ಷಗಳ ಹಿಂದೆ ಆಡಬೇಕಾಗಿದ್ದ ಮಾತನ್ನು ಆಗ ಆಡಿದೆವು. "ಬೇಡ. ನಿಮ್ಮವ್ವ ಗುರುತು ಹಿಡಿಯಬೇಕು," ಎಂದೆವು. ಹುಡುಗಿ ತಲೆ ತಗ್ಗಿಸಿದಳು. "ಮಾರಿ ಮ್ಯಾಲೆತ್ತವಾ, ಕಣ್ಣು ಕೆಡ್ತೈತಿ," ಎಂದು ಇವಳು ಗದ್ದವನ್ನು ಹಿಡಿದೆತ್ತಿ ಕೆಲಸವನ್ನು ಮುಂದುವರಿಸಿದಳು. ಅವಳ ವಿದ್ಯೆಯ ಇನ್ನರ್ಧವು ಇದೇ.

ನಾಟಕದ ವಿಷಯವನ್ನು ಹೆಚ್ಚು ಬರೆಯೆವು. ಎಸ್ತೇರಳು ಪರದೆಯಿಂದ ಹೊರಗೆ ಕಾಲಿಟ್ಟ ಕೂಡಲೆ ಎರಡನೆಯ ಸಾಲಿನಿಂದ ಅವಳ ತಾಯಿ ಹೆಸರು ಹಿಡಿದು ಕೂಗಿಬಿಟ್ಟಳು. ಅರಸನ ಪಾತ್ರದವಳು ಗಾಬರಿಯಾಗಿ ಒಂದು ಮಾತನ್ನು ಮರೆತಳು.

ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆಯಿಂದ ಬಣ್ಣವನ್ನು ಕರಗಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಳಿಕ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯಿಸಿದ್ದಾಯಿತು. ಬಣ್ಣದೊಡನೆ ಮಲಗಕೂಡದೆಂಬುದನ್ನು ಮದುವೆಯ ಮನೆಗಳಲ್ಲಿ ಅಪರಾತ್ರಿಯಾದಾಗ ನಮ್ಮ ಹಳೆಯ ವಿದ್ಯಾರ್ಥಿನಿಯರು ನೆನಪಿಡಲಿ. ಮಕ್ಕಳು ಮನೆಗೆ ಹೋದರು. ಅವಳು ಮಾತ್ರ ಕುಂಚಗಳನ್ನೆಲ್ಲ ಹರವಿಕೊಂಡು ಅಂಗಳದ ನಲ್ಲಿಯ ಬಳಿ ಕುಳಿತಳು. ನಾವು ಒಂದು ಮಣೆಯನ್ನು ಹಾಕಿಕೊಂಡು ಅವಳ ಎದುರಿಗೆ ಕುಳಿತೆವು.

ಮೂವತ್ತಕ್ಕೂ ಮಿಕ್ಕಿದ ಕುಂಚಗಳಿದ್ದವು. ಒಂದು ಕಣ್ಣಿಗೆ ಮುಟ್ಟಿಸಿದ್ದನ್ನು ತೊಳೆಯದೆ ಇನ್ನೊಂದು ಕಣ್ಣಿಗೆ ಮುಟ್ಟಿಸದವಳಿಗೆ ಅಷ್ಟು ಬೇಕೇ ಬೇಕು. ಆಡಿನ ಕೂದಲಿನವು ಪೌಡರಿಗೆ, ಕೃತಕ ಎಳೆಯವು ದ್ರವದ ಬಣ್ಣಗಳಿಗೆ. ಅವಳು ನಲ್ಲಿಯನ್ನು ತಿರುಗಿಸಲಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಕೂದಲಿಗೆ ಮೆತ್ತಿಕೊಂಡು ಅದನ್ನು ಬಿರುಸು ಮಾಡುವುದೆಂದು, ಮನೆಯಿಂದಲೇ ಕಾಸಿ ಆರಿಸಿ ತಿಳಿ ಬಸಿದ ನೀರನ್ನು ಎರಡು ಕೊಡ ತಂದಿದ್ದಳು. ಅದನ್ನು ಉಗುರುಬೆಚ್ಚಗೆ ಮಾಡಿಕೊಂಡು, ಅಂಗೈಯಲ್ಲಿ ಮಕ್ಕಳ ಶಾಂಪುವಿನ ಒಂದು ತೊಟ್ಟನ್ನಿಟ್ಟು, ಕುಂಚದ ತುದಿಯನ್ನು ಅದರಲ್ಲಿ ಮೆಲ್ಲಗೆ ಸುತ್ತಿಸಿದಳು. ಕೂದಲು ಯಾವಾಗಲೂ ಕೆಳಮುಖವಾಗಿರಬೇಕು. ನೀರು ಲೋಹದ ಪಟ್ಟಿಯೊಳಕ್ಕೆ ಇಳಿದರೆ ಅಂಟು ಬಿಟ್ಟು ಕೂದಲುದುರುವುದು. ತೊಳೆದ ನೀರು ತಿಳಿಯಾಗುವ ತನಕ ಬಿಡಕೂಡದು. ಬಳಿಕ ಬಟ್ಟೆಯಲ್ಲಿ ಒತ್ತಿ, ಹಿಂಡದೆ, ಬೆರಳಿನಿಂದ ಅದರ ಮೊದಲಿನ ಆಕಾರವನ್ನು ತಿದ್ದಿ, ಹಲಗೆಯ ಅಂಚಿನಾಚೆಗೆ ತಲೆ ಚಾಚುವಂತೆ ಮಲಗಿಸಿಟ್ಟಳು. ನಿಲ್ಲಿಸಿ ಆರಿಸಿದರೂ ಬಿಸಿಲಿಗೆ ಇಟ್ಟರೂ ಕೆಡುವವು. ಒಣಗಿದ ಮೇಲೆ ಮುಚ್ಚಳವುಳ್ಳ ಡಬ್ಬಿಗೆ ಹಾಕತಕ್ಕದ್ದು. ಇಲ್ಲವಾದರೆ ನಮ್ಮೂರಿನ ಕರಿಯ ಧೂಳು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಮತ್ತೆ ಹೊಲಸು ಮಾಡುವುದು. ಮನೆಯಲ್ಲಿ ತನಗೊಬ್ಬಳಿಗೇ ಬಳಸುವವಳು ದ್ರವದ ಕುಂಚವನ್ನು ವಾರಕ್ಕೊಮ್ಮೆಯಾದರೂ ತೊಳೆದರೆ ಸಾಕು. ಮಸ್ಕಾರದ ಸೀಸೆಯನ್ನು ತೆರೆದ ಮೂರು ತಿಂಗಳಿಗೆ ಎಸೆಯಬೇಕು, ಎಷ್ಟೇ ಉಳಿದಿರಲಿ. ಇದನ್ನು ಕೇಳಿದರೆ ನಮ್ಮ ಸಿಬ್ಬಂದಿಯ ಕೆಲವರಿಗೆ ಸಂಕಟವಾದೀತು.

ಹತ್ತು ಹನ್ನೆರಡು ಕುಂಚಗಳಾದ ಮೇಲೆ ನಾವೂ ಒಂದನ್ನು ಕೈಗೆತ್ತಿಕೊಂಡೆವು. ಕಲಿತದ್ದು ನೋಡಿದಷ್ಟು ಸುಲಭವಲ್ಲ. ನಮ್ಮ ಕೈಯಲ್ಲಿ ನೀರು ಮೇಲಕ್ಕೇ ಹರಿಯಿತು. "ತುದಿ ಕೆಳಗ ಮಾಡ್ರಿ," ಎಂದಳು. ಮಾಡಿದೆವು. ಬಹಳ ಹೊತ್ತಿನ ತನಕ ಇಬ್ಬರೂ ಮಾತನಾಡಲಿಲ್ಲ. ಕೊನೆಗೆ, ಇದೇ ನಲ್ಲಿಯ ಬಳಿ ಅಂದು ನಿನಗೆ ನಾವು ಮಾಡಿದ್ದು ತಪ್ಪಾಯಿತು ಎಂದು ಹೇಳಿದೆವು. ಶಿಷ್ಯಳಿಗೆ ಗುರುವು ಆಡುವ ಮಾತಾಗಿ ಅದು ಅಭ್ಯಾಸವಿಲ್ಲದ್ದರಿಂದ ಗಂಟಲಲ್ಲಿ ಸ್ವಲ್ಪ ತಡೆಯಿತು.

ಅವಳು ಕೈಯಲ್ಲಿದ್ದ ಕುಂಚದ ನೀರು ತಿಳಿಯಾಗುವ ವರೆಗೆ ಉತ್ತರ ಕೊಡಲಿಲ್ಲ.

"ಅವತ್ತಿನ ನೀರೂ ಸವಳs ಇತ್ರೀ ಅಕ್ಕೋರ," ಎಂದಳು. "ಮೂರು ಸಲ ತೊಳಿಸಿದ್ರಿ. ಕಾಡಿಗಿ ಪೂರಾ ಹೋಗಿದ್ದೇ ಇಲ್ಲ."

ಹಾಗೆಂದು ನಕ್ಕು, ಮುಂದಿನ ಕುಂಚವನ್ನು ನಮ್ಮ ಕೈಗೆ ಕೊಟ್ಟಳು.